ಮುಚ್ಚಿದ ಸೇತುವೆ, ತೆರೆದ ಕಂಠ

“ರೈಲು ಹಳಿ ದಾಟುವುದು ಶಿಕ್ಷಾರ್ಹ ಅಪರಾಧ. ಸಾರ್ವಜನಿಕರು ದಯವಿಟ್ಟು ಸಹಕರಿಸಬೇಕು...”

ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ. ಗಾರ್ಮೆಂಟ್ಸ್ ಹೆಂಗಸರು ಊಟದ ಡಬ್ಬಿ ಹಿಡಿದು ಓಡುವ ಹೊತ್ತು. ಅದೇ ಹೊತ್ತಿಗೆ, ಅದೇ ಇಕ್ಕಟ್ಟಿನ ಬೀದಿಯಲ್ಲಿ, ತಲೆಯ ಮೇಲೆ ಎರಡು ಸ್ಪೀಕರ್ ಕಟ್ಟಿಕೊಂಡ ವ್ಯಾನೊಂದು ಆಮೆಯ ಹಾಗೆ ಬರುತ್ತಿತ್ತು.

ಅವಳು ಅದರ ಎದುರಿಗೆ ಹೋಗಿ ನಿಂತುಬಿಟ್ಟಳು.

ವ್ಯಾನು ಗಕ್ಕನೆ ನಿಂತಿತು. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಮೈಕು ಹಿಡಿದಿದ್ದ ಯುವಕ ಕಿಟಕಿಯಿಂದ ತಲೆ ಹೊರಹಾಕಿದ.

“ಏನ್ರೀ, ದಾರಿ ಬಿಡಿ.”

“ಅದನ್ನೇ ನಾನೂ ಕೇಳ್ತಿರೋದು. ದಾರಿ ಎಲ್ಲಿದೆ?”

ಅವನಿಗೆ ಅರ್ಥವಾಗುವ ಮೊದಲೇ ಅವಳು ಬಾಗಿಲು ತೆಗೆದು ಅವನ ಕೈಯಿಂದ ಮೈಕು ಕಿತ್ತುಕೊಂಡಿದ್ದಳು.

“ದಾಟಬೇಡಿ ಅಂತ ಮೂರು ದಿನದಿಂದ ಒದರ್ತಿದ್ದೀರಲ್ಲ, ಎಲ್ಲಿ ದಾಟಬೇಕು ಅದನ್ನೂ ಹೇಳಿ. ಹಳಿ ಮೇಲಿನ ಸೇತುವೆಗೆ ತಗಡು ಹೊಡೆದು ಹದಿನಾಲ್ಕು ತಿಂಗಳಾಯ್ತು. ನಾವೇನು ಹಾರ್ಕೊಂಡು ಹೋಗ್ಬೇಕಾ?”

ಅವಳ ಮಾತು ಸ್ಪೀಕರಿನಿಂದ ಬೀದಿಯ ಉದ್ದಕ್ಕೂ ಅಪ್ಪಳಿಸಿತು. ಓಡುತ್ತಿದ್ದವರು ಒಮ್ಮೆ ತಿರುಗಿ ನೋಡಿದರು. “ಯಾರೋ ಜಗಳ ಆಡ್ತಿದ್ದಾರೆ, ನಡೀರೇ, ಫ್ಯಾಕ್ಟರಿ ಗೇಟ್ ಹಾಕ್ತಾರೆ,” ಎಂದು ಒಬ್ಬಳು ಹೇಳಿದಳು. ಬೀದಿ ಮತ್ತೆ ಓಡತೊಡಗಿತು.

ಯುವಕ ಮೆಲ್ಲಗೆ ಕೈ ಚಾಚಿ ಮೈಕಿನ ಸ್ವಿಚ್ಚು ಆರಿಸಿದ.

“ನೀವು ಹೇಳಿದ್ದು ಸರಿಯಾಗೇ ಇದೆ,” ಅಂದ. “ಆದ್ರೆ ನೋಡಿ... ಒಬ್ಬರೂ ನಿಲ್ಲಲಿಲ್ಲ.”

ಆ ಮಾತು ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

“ನಿಮಗೇನು? ಅವರು ಬರೆದುಕೊಟ್ಟಿದ್ದನ್ನ ಓದೋ ಬಾಯಿ ನಿಮ್ಮದು,” ಎಂದು ಮೈಕನ್ನು ಸೀಟಿನ ಮೇಲೆ ಎಸೆದು ಹೊರಟಳು. ಹೊರಟವಳು ಹಳಿ ದಾಟಿಯೇ ಹೋದಳು. ಅವನು ನೋಡುತ್ತಲೇ ಇದ್ದ.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತಗಾದೆ ಎಂದೇ ಕರೆಯುತ್ತಿದ್ದರು. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಕಾಲರು ಒಂದು ನೂಲು ಸೊಟ್ಟಗಿದ್ದರೂ ವಾಪಸ್ ಕಳಿಸುತ್ತಿದ್ದಳು. ಕೆಲಸಕ್ಕೆ ಬಂದ ಹೆಸರು ಸ್ವಭಾವಕ್ಕೂ ಅಂಟಿಕೊಂಡಿತ್ತು.

ಆದರೆ ಸೇತುವೆಯ ವಿಷಯ ಬರೀ ತಗಾದೆಯಾಗಿರಲಿಲ್ಲ.

ಅವಳಿಗೆ ತಾಯಿಯ ನೆನಪಿಲ್ಲ. ಬೆಳೆಸಿದವಳು ಅತ್ತಿಗೆ. ಅಣ್ಣ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮನೆಗೆ ಬರುವವನು. ಅತ್ತಿಗೆ, ನಾದಿನಿ ಇಬ್ಬರೂ ಒಂದೇ ಕಾರ್ಖಾನೆಗೆ ಜೊತೆಯಾಗಿ ಹೋಗುತ್ತಿದ್ದರು. ಬಳಸು ದಾರಿ ಹಿಡಿದರೆ ನಲವತ್ತು ನಿಮಿಷ. ಎಂಟೂವರೆಗೆ ಗೇಟು ಬೀಳುತ್ತದೆ, ಒಂದು ನಿಮಿಷ ತಡವಾದರೆ ಅರ್ಧ ದಿನ ಖೋತಾ. ಹಾಗಾಗಿ ಎಲ್ಲರ ಹಾಗೆ ಅವರೂ ಹಳಿ ದಾಟುತ್ತಿದ್ದರು.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಒಂದು ರೈಲು ಹೋಯಿತೆಂದು ಅತ್ತಿಗೆ ಹೆಜ್ಜೆ ಇಟ್ಟಳು. ಆಚೆ ಹಳಿಯಲ್ಲಿ ಎದುರಿನಿಂದ ಬರುತ್ತಿದ್ದ ಗೂಡ್ಸ್ ಗಾಡಿ ಅವಳಿಗೆ ಕಾಣಲಿಲ್ಲ. ಜೀವ ಉಳಿಯಿತು. ಎಡಪಾದ ಉಳಿಯಲಿಲ್ಲ.

ಅಂದಿನಿಂದ ತಗಾದೆ ಅರ್ಜಿ ಬರೆದಳು. ಕರಪತ್ರ ಅಚ್ಚು ಹಾಕಿಸಿ ಹಂಚಿದಳು. “ಸಾರ್ವಜನಿಕ ಬಂಧುಗಳೇ, ಎಚ್ಚೆತ್ತುಕೊಳ್ಳಿ” ಎಂಬ ತಲೆಬರಹದ ಆ ಕರಪತ್ರದಲ್ಲಿ ಅಂಗಡಿಯವನು ಕಡಲೆ ಕಟ್ಟಿಕೊಟ್ಟಿದ್ದನ್ನು ಅವಳೇ ಕಣ್ಣಾರೆ ಕಂಡಳು.

ಒಬ್ಬರೂ ನಿಲ್ಲಲಿಲ್ಲ... ಆ ಮೈಕಿನವನ ಮಾತು ಇಡೀ ದಿನ ಅವಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಸಂಜೆ ಮನೆಗೆ ಬಂದರೆ ಅವನೇ ಜಗಲಿಯ ಮೇಲೆ ಕೂತು ಅತ್ತಿಗೆ ಕೊಟ್ಟ ಚಹಾ ಕುಡಿಯುತ್ತಿದ್ದ!

“ಮನೆ ಕೇಳ್ಕೊಂಡು ಬಂದೆ,” ಅಂದ ತಡಬಡಾಯಿಸಿ ಎದ್ದು. “ಬೆಳಿಗ್ಗೆ ನೀವು ಹೇಳಿದ್ದು... ಬರೆದುಕೊಟ್ಟಿದ್ದನ್ನ ಓದೋ ಬಾಯಿ ಅಂತ. ಮನಸ್ಸಿಗೆ ಚುಚ್ತು.”

“ಚುಚ್ಚಲಿ ಅಂತಾನೇ ಹೇಳಿದ್ದು.”

“ಬಾಗಿಲಲ್ಲೇ ಶುರು ಮಾಡ್ಬೇಡ್ವೇ ಮಾರಾಯ್ತಿ,” ಎಂದಳು ಅತ್ತಿಗೆ. “ಈ ಹುಡುಗನ್ನ ಊರಲ್ಲೆಲ್ಲ ಕಂಠ ಅಂತ ಕರೀತಾರಂತೆ. ಸೋದರಮಾವನ ಮೈಕ್‌ಸೆಟ್ ಅಂಗಡಿಯಲ್ಲಿ ಇದಾನೆ. ನನ್ನ ಕಾಲು ನೋಡಿ ಚಹಾ ಕುಡಿಯೋದನ್ನೇ ಮರ್ತಿದ್ದ.”

ಅತ್ತಿಗೆ ಇದ್ದದ್ದೇ ಹಾಗೆ. ಯಾರಾದರೂ ಅಯ್ಯೋ ಅಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಒಳಗಿನಿಂದ ಒಂದು ಚೀಲ ತರಿಸಿ ಅವನ ಮುಂದೆ ಸುರಿದಳು. ನಾಲ್ಕು ಚಪ್ಪಲಿಗಳು. ನಾಲ್ಕೂ ಎಡಗಾಲಿನವು.

“ಒಂದೇ ಕಾಲಲ್ಲಿ ಕುಂಟಿ ಬಲಗಾಲಿನವು ಬೇಗ ಸವೆದು ಹೋದ್ವು, ಇವೆಲ್ಲ ಹೊಸದಾಗೇ ಉಳ್ಕೊಂಡ್ವು ನೋಡಪ್ಪ. ತಗೊಂಡು ಹೋಗಿ ಆ ಸೇತುವೆ ಬಾಗಿಲಿಗೇ ಹಾಕಿ. ನಂಗಂತೂ ಬೇಡ.”

ತಗಾದೆ ಮುಖ ಆಚೆ ತಿರುಗಿಸಿಕೊಂಡಳು. ಕಂಠ ಮಾತ್ರ ಒಂದು ಚಪ್ಪಲಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ.

“ಹಾಕೋಣ,” ಅಂದ ಕೊನೆಗೆ. “ಆದ್ರೆ ಒಂದೇ ಒಂದು. ಯಾಕೆ ಅಂತ ನಾವು ಹೇಳೋದು ಬೇಡ. ಜನ ಬಂದು ಕೇಳ್ಬೇಕು.”

“ಕೇಳದಿದ್ರೆ?”

“ಕೇಳ್ತಾರೆ. ಹತ್ತು ವರ್ಷದಿಂದ ಬೀದಿ ಬೀದಿ ಕೂಗಿದೀನಿ. ಎಚ್ಚೆತ್ತುಕೊಳ್ಳಿ ಅಂದ್ರೆ ಯಾರೂ ಏಳಲ್ಲ. ಎಲ್ಲರೂ ಎದ್ದೇ ಇರ್ತಾರೆ, ಅವರವರ ಕೆಲಸದಲ್ಲಿ ಇರ್ತಾರೆ. ಅವರ ಕಾಲು ಒಂದು ಗಳಿಗೆ ನಿಂತ್ರೆ ಸಾಕು. ಆಮೇಲೆ ನೀವು ಮಾತಾಡಿ.”

ಮರುದಿನ ಬೆಳಿಗ್ಗೆ, ಅಂಗಡಿಯ ಕೆಲಸ ಶುರುವಾಗುವ ಮೊದಲು, ಕಂಠನ ವ್ಯಾನು ಬೀದಿಯಲ್ಲಿ ಹೊರಟಿತು. ಅವನ ದನಿ ಸಾವಧಾನವಾಗಿತ್ತು. ಯಾರೋ ಪಕ್ಕದಲ್ಲೇ ಕೂತು ಕೇಳಿದ ಹಾಗಿತ್ತು.

“ಸೇತುವೆ ಬಾಗಿಲಲ್ಲಿ ಒಂದು ಚಪ್ಪಲಿ ಇದೆ. ಎಡಗಾಲಿಂದು. ಹೊಸದು. ಅದು ಯಾರದ್ದು ಅಂತ ನಿಮಗೆ ಗೊತ್ತಾ?”

ಅಷ್ಟೇ. ಮತ್ತೇನೂ ಇಲ್ಲ.

ತಗಡು ಹೊಡೆದ ಸೇತುವೆಯ ಬುಡದಲ್ಲಿ ತಗಾದೆ ನಿಂತಿದ್ದಳು. ಯಾರೂ ಬರದಿದ್ದರೆ ನಗೆಪಾಟಲು...

ಮೊದಲು ಇಬ್ಬರು ಹೆಂಗಸರು ಬಂದರು. ಆಮೇಲೆ ಶಾಲೆಯ ಮೇಷ್ಟ್ರು. “ಯಾರದಮ್ಮ ಇದು?”

ಅವಳು ಬಾಯಿ ತೆರೆದಳು. ‘ಸಾರ್ವಜನಿಕ ಬಂಧುಗಳೇ’ ಎಂದು ಬರಲಿಲ್ಲ. “ನಮ್ಮ ಅತ್ತಿಗೇದು,” ಎಂದು ಬಂತು. ಅಲ್ಲಿಂದಾಚೆಗೆ ಮಾತು ತಾನಾಗಿ ಹರಿಯಿತು.

ಅಂದು ಗೇಟು ಬೀಳುವ ಮೊದಲು ನಲವತ್ತು ಜನ ಆ ಒಂಟಿ ಚಪ್ಪಲಿಯನ್ನು ನೋಡಿ ಹೋದರು. ಮಧ್ಯಾಹ್ನದ ಊಟದಲ್ಲಿ ಕಾರ್ಖಾನೆಯ ತುಂಬ ಅದೇ ಮಾತು.

ಮರುದಿನದ ಕೂಗು ಬೇರೆಯಾಗಿತ್ತು. “ಆ ಚಪ್ಪಲಿ ಒಂಟಿಯಾಗಿದೆ. ನಿಮ್ಮ ಮನೆಯ ಒಂದು ಹಳೇ ಚಪ್ಪಲಿ ಅದರ ಪಕ್ಕದಲ್ಲಿ ಇಡ್ತೀರಾ?”

ಒಂದು ವಾರದಲ್ಲಿ ಸೇತುವೆಯ ಬುಡ ಕಾಣದಷ್ಟು ಚಪ್ಪಲಿ. ರಬ್ಬರಿನವು, ಉಂಗುಟ ಕಿತ್ತವು, ಮಕ್ಕಳ ಬೂಟುಗಳು. ಮೊಣಕಾಲುದ್ದದ ಗಮ್‌ಬೂಟೊಂದನ್ನು ಯಾರೋ ತಂದು ನಿಲ್ಲಿಸಿದ್ದರು. ಪತ್ರಿಕೆಯವರು ಬಂದು ಫೋಟೋ ತೆಗೆದರು.

ಆ ವಾರದ ಸಂಜೆಗಳನ್ನೆಲ್ಲ ತಗಾದೆ ಮೈಕಿನ ಅಂಗಡಿಯಲ್ಲಿ ಕಳೆದಳು. ವೈರಿನ ಸುರುಳಿಗಳ ನಡುವೆ ಸ್ಟೂಲ್ ಹಾಕಿ ಕೂರಿಸಿ ಅವನು ಅವಳಿಗೆ ಮಾತಾಡುವುದನ್ನು ಕಲಿಸುತ್ತಿದ್ದ.

“ಸಾವಿರ ಜನಕ್ಕೆ ಹೇಳ್ಬೇಡಿ. ಒಬ್ಬರಿಗೆ ಹೇಳಿ. ನನ್ನೊಬ್ಬನಿಗೇ ಹೇಳ್ತಿದೀರಿ ಅಂದ್ಕೊಳ್ಳಿ.”

ಅವಳು ಅವನೊಬ್ಬನಿಗೇ ಹೇಳಿದಳು. ಅಂದು ಹಳಿಯ ಪಕ್ಕ ಅತ್ತಿಗೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದು, ಅತ್ತಿಗೆ “ನೀನು ಹೋಗೇ, ಗೇಟ್ ಹಾಕ್ತಾರೆ” ಅಂದದ್ದು... ಯಾರಿಗೂ ಹೇಳದೆ ಉಳಿಸಿಕೊಂಡದ್ದೆಲ್ಲ ಹೊರಗೆ ಬಂತು. ಅವನು ಮಧ್ಯದಲ್ಲೇ ಕೈ ಚಾಚಿ ಮೈಕು ಆರಿಸಿದ.

“ಯಾಕೆ? ತಪ್ಪಾಯ್ತಾ?”

“ಇಲ್ಲ.” ಅವನ ದನಿ ಮೊದಲ ಬಾರಿಗೆ ಒಡೆದಿತ್ತು. “ಇದು ಮೈಕಿಗಲ್ಲ. ನಾನು ಕೇಳಿಸ್ಕೋತೀನಿ... ಹೇಳಿ.”

ಆ ಗಳಿಗೆಯಿಂದ ಅವಳಿಗೆ ತನ್ನ ಮೇಲೆಯೇ ಅನುಮಾನ ಶುರುವಾಯಿತು. ‘ನಾನು ಇಲ್ಲಿಗೆ ಬರೋದು ಸೇತುವೆಗೋಸ್ಕರವಾ, ಅಥವಾ...’ ಆ ಪ್ರಶ್ನೆಯನ್ನು ಅವಳು ಅಲ್ಲಿಗೇ ನಿಲ್ಲಿಸಿದಳು. ಅಂಗಿಯಲ್ಲಿ ತಪ್ಪು ಕಂಡುಹಿಡಿದಷ್ಟು ಸುಲಭವಾಗಿರಲಿಲ್ಲ ಅದು.

ಒಂಬತ್ತನೇ ದಿನ ರೈಲ್ವೆಯ ದೊಡ್ಡ ಇಂಜಿನಿಯರು ಬಂದರು. ಬಂದವರು ಜೀಪಿನಿಂದ ಇಳಿಯಲಿಲ್ಲ. ಚಪ್ಪಲಿ ರಾಶಿಯನ್ನು ಒಮ್ಮೆ, ಸುತ್ತ ನೆರೆದ ಹೆಂಗಸರನ್ನು ಒಮ್ಮೆ ನೋಡಿದರು.

“ಹೆದರಬೇಡಿ ಸಾರ್, ಎಸೆಯೋಕಲ್ಲ,” ಎಂದಳು ಗುಂಪಿನಲ್ಲೊಬ್ಬಳು. ಎಲ್ಲರೂ ನಕ್ಕರು. ಇಂಜಿನಿಯರೂ ಇಳಿದರು.

“ರಿಪೇರಿ ಮುಗಿದು ಎಂಟು ತಿಂಗಳಾಯ್ತಮ್ಮ,” ಅಂದರು. “ಭಾರದ ಪರೀಕ್ಷೆ ಆಗಿಲ್ಲ, ಅದಕ್ಕೇ ತೆರೆದಿಲ್ಲ. ಐನೂರು ಚೀಲ ಮರಳು ಮೇಲೆ ಹೊತ್ತುಹಾಕಿ ಒಂದು ದಿನ ಬಿಡ್ಬೇಕು. ಅಗೋ ಚೀಲ ಅಲ್ಲೇ ಬಿದ್ದಿವೆ. ಹೊರೋ ಆಳುಗಳನ್ನ ಕರ್ಕೊಂಡು ಕಂಟ್ರಾಕ್ಟರ್ ಹೊರಟುಹೋದ. ನಾನೇನು ಮಾಡ್ಲಿ?”

ಎಂಟು ತಿಂಗಳು. ಅತ್ತಿಗೆಯ ಕಾಲು ಹೋಗಿದ್ದು ಮೂರು ತಿಂಗಳ ಹಿಂದೆ. ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಗಾದೆ ಒಂದು ಹೆಜ್ಜೆ ಮುಂದೆ ಬಂದಳು. “ಭಾನುವಾರ ನೀವು ಬನ್ನಿ ಸಾರ್. ಚೀಲ ನಾವು ಹೊರ್ತೀವಿ.”

“ಐನೂರು ಚೀಲಾನಾ?”

“ಐನೂರೂ.”

“ನೋಡಮ್ಮ, ಭಾನುವಾರ, ಸೋಮವಾರ ಬಿಟ್ರೆ ಇನ್ನು ನಾಲ್ಕು ತಿಂಗಳು ನಾನು ಈ ಕಡೆ ಬರಲ್ಲ. ಜನ ಬರದಿದ್ರೆ ನನ್ನನ್ನ ಬೈಬಾರದು.”

“ಬರ್ತಾರೆ,” ಎಂದಳು. ಮಾತಾಡುವಾಗ ಅವಳ ಕಣ್ಣು ಇಂಜಿನಿಯರ ಹಿಂದೆ ನಿಂತಿದ್ದ ಕಂಠನ ಮೇಲಿತ್ತು. ಅವನು ತಲೆಯಾಡಿಸಿದ.

ಶನಿವಾರ ಸಂಜೆ.

ಅತ್ತಿಗೆ ಒಳಗೆ ಕೂತು ಚೀಲ ಹೊರುವವರಿಗೆಂದು ಹಳೇ ಬಟ್ಟೆಯ ಸಿಂಬಿ ಸುತ್ತುತ್ತಿದ್ದಳು. ಬೀದಿಯ ತುದಿಯಲ್ಲಿ ಸ್ಪೀಕರಿನ ಸದ್ದು ಕೇಳಿತು. ತಗಾದೆಯ ಮುಖ ತಾನಾಗಿ ಅರಳಿತು.

ಆಮೇಲೆ ಮಾತು ಸ್ಪಷ್ಟವಾಯಿತು.

“ಭಾನುವಾರದ ಕಾರ್ಯಕ್ರಮವನ್ನು ಕಾರಣಾಂತರಗಳಿಂದ ಮುಂದೂಡಲಾಗಿದೆ. ಸಾರ್ವಜನಿಕರು ದಯವಿಟ್ಟು ಸಹಕರಿಸಬೇಕು...”

ಅದು ಅವನದೇ ದನಿ. ಸಾವಿರ ದನಿಗಳ ನಡುವೆಯೂ ಅವಳು ಗುರುತಿಸಬಲ್ಲ ದನಿ.

ಅವಳು ಬೀದಿಗೆ ಓಡಿದಳು. ವ್ಯಾನು ಆಗಲೇ ತಿರುವು ದಾಟಿತ್ತು. ಫೋನು ಹಚ್ಚಿದಳು, ಸ್ವಿಚ್ ಆಫ್. ಅಂಗಡಿಗೆ ಹೋದಳು, ಬೀಗ. ದಾರಿಯಲ್ಲಿ ಸಿಕ್ಕ ಹೆಂಗಸರೆಲ್ಲ ಒಂದೇ ಮಾತು ಕೇಳಿದರು. “ಮುಂದಕ್ಕೆ ಹಾಕಿದ್ರಂತಲ್ಲ? ಹೋಗ್ಲಿ ಬಿಡು, ನಾಳೆ ಬಟ್ಟೆ ಒಗ್ಯೋದಿತ್ತು.”

ಬರೆದುಕೊಟ್ಟಿದ್ದನ್ನ ಓದೋ ಬಾಯಿ... ತಾನು ಮೊದಲ ದಿನವೇ ಸರಿಯಾಗಿ ಹೇಳಿದ್ದಳು. ನಡುವೆ ತನಗೇ ಬುದ್ಧಿ ಕೆಟ್ಟಿತ್ತು.

“ಅವನು ಅಂಥವನಲ್ಲ ಕಣೇ,” ಎಂದಳು ಅತ್ತಿಗೆ.

“ನೀವೇ ಕೇಳಿದ್ರಲ್ಲ ಅತ್ತಿಗೆ, ನಿಮ್ಮ ಕಿವಿಯಾರೆ.”

“ಕೇಳಿದೆ. ದನಿ ಅವನದೇ. ಮಾತು ಅವನದಲ್ಲ. ಅವನು ನಮಗೋಸ್ಕರ ಕೂಗುವಾಗ ಒಂದು ದಿನವಾದ್ರೂ ‘ಸಾರ್ವಜನಿಕರು’ ಅಂದಿದಾನಾ?”

ತಗಾದೆ ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣೀರು ಬರುತ್ತಿತ್ತು, ಅದನ್ನು ಅತ್ತಿಗೆ ನೋಡುವುದು ಬೇಡವಾಗಿತ್ತು.

ಬೆಳಿಗ್ಗೆ ಆರಕ್ಕೆ ಎದ್ದು, ತಲೆಗೆ ಬಟ್ಟೆ ಸುತ್ತಿ, ಸಿಂಬಿ ಹಿಡಿದು ಹೊರಟಳು.

“ಒಬ್ಬಳೇ ಎಷ್ಟು ಹೊರ್ತೀಯೇ?”

“ಎಷ್ಟಾಗುತ್ತೋ ಅಷ್ಟು. ಆ ಇಂಜಿನಿಯರು ಬಂದು ನೋಡಲಿ. ಯಾರೂ ಇರಲಿಲ್ಲ ಅಂತ ಅವರು ಬರೀಬಾರದು. ಒಬ್ಬಳಿದ್ದಳು ಅಂತ ಬರೀಬೇಕು.”

ಸೇತುವೆಯ ತಗಡು ತೆಗೆದಿತ್ತು. ಇಂಜಿನಿಯರು ಕುರ್ಚಿ ಹಾಕಿ ಕೂತಿದ್ದರು. ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಯಾರೂ ಇರಲಿಲ್ಲ.

ಮೊದಲ ಚೀಲ ತಲೆಗೆ ಬಂದಾಗ ಬೆನ್ನು ಮುರಿದಂತಾಯಿತು. ನಲವತ್ತಾರು ಮೆಟ್ಟಿಲು. ಮೇಲೆ ಹಾಕಿದಳು. ಇಳಿದಳು. ಎರಡನೇದು. ಮೂರನೇದು. ‘ಇಷ್ಟೇನಾ? ಬೀಳೋದಾದ್ರೆ ಮೇಲೆ ಹೋಗಿ ಬೀಳ್ತೀನಿ’ ಎಂದು ಹಲ್ಲು ಕಚ್ಚಿದಳು.

ನಾಲ್ಕನೇ ಚೀಲ ಮೇಲೆ ಹಾಕಿ ಇಳಿದು ಬಂದಾಗ ಬುಡದಲ್ಲಿ ಆರು ಜನ ಹೆಂಗಸರು ನಿಂತಿದ್ದರು.

ಐದು ನಿಮಿಷದಲ್ಲಿ ಇಪ್ಪತ್ತು. ಆಮೇಲೆ ಬೀದಿಯೇ ಎದ್ದು ಬಂದ ಹಾಗೆ. ಹೆಂಗಸರು, ಅವರ ಗಂಡಂದಿರು, ಶಾಲೆಯ ಮೇಷ್ಟ್ರು, ಕಡಲೆ ಅಂಗಡಿಯವನು.

“ಮುಂದಕ್ಕೆ ಹಾಕಿದಾರೆ ಅಂತ ಕೇಳಿ ಮಲಗಿಬಿಟ್ಟಿದ್ರಲ್ಲ... ಯಾರು ಕರೆದ್ರು ನಿಮ್ಮನ್ನ?” ತಗಾದೆಗೆ ಉಸಿರು ಸಿಗುತ್ತಿರಲಿಲ್ಲ.

“ಕಂಠ,” ಎಂದಳು ಹೊಲಿಗೆ ಲೈನಿನವಳು. “ಬೆಳಕು ಹರಿಯೋ ಮೊದಲಿಂದ ನಡ್ಕೊಂಡೇ ಕೂಗ್ತಿದಾನೆ. ಮೈಕಿಲ್ಲ, ಗಾಡಿಯಿಲ್ಲ. ಮನೆಮನೆ ಬಾಗಿಲು ಬಡೀತಾನೆ. ‘ನಿನ್ನೆ ಕೇಳಿದ್ದು ಸುಳ್ಳು, ಅವಳು ಒಬ್ಬಳೇ ಹೊರ್ತಿರ್ತಾಳೆ, ಬನ್ನಿ’ ಅಂತಾನೆ. ಗಂಟಲು ಕಿತ್ತುಹೋಗಿದೆ ಪಾಪ. ಅದನ್ನ ಕೇಳಿ ಹೇಗೆ ಮಲಗಿರೋದು?”

ಅವಳು ಒಬ್ಬಳೇ ಹೊರುತ್ತಿರುತ್ತಾಳೆ... ಅವನು ಅವಳನ್ನು ಕೇಳಿರಲಿಲ್ಲ. ಆದರೂ ಅವನಿಗೆ ಗೊತ್ತಿತ್ತು.

ತಗಾದೆಯ ಕಣ್ಣು ಮಂಜಾಯಿತು. ಆದರೆ ಅಳಲು ಪುರುಸೊತ್ತಿರಲಿಲ್ಲ. “ಒಬ್ಬೊಬ್ಬರೇ ಹತ್ತೋದು ಬೇಡ,” ಎಂದು ಕೂಗಿದಳು. “ನಮಗೆ ಲೈನ್ ಕೆಲಸ ಗೊತ್ತಿಲ್ವಾ? ಮೆಟ್ಟಿಲಿಗೊಬ್ಬರು ನಿಲ್ಲಿ. ಕೈಯಿಂದ ಕೈಗೆ ದಾಟಿಸಿ.”

ಹೆಂಗಸರ ಸಾಲು ನೆಲದಿಂದ ಸೇತುವೆಯ ನೆತ್ತಿಯವರೆಗೆ ಏರಿತು. ದಿನವಿಡೀ ಅಂಗಿ ದಾಟಿಸುವ ಕೈಗಳು ಮರಳಿನ ಚೀಲ ದಾಟಿಸತೊಡಗಿದವು. ಅತ್ತಿಗೆ ಊರುಗೋಲಿನ ಮೇಲೆ ಬಂದು ಬುಡದಲ್ಲಿ ಕೂತು, ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿದಳು.

ಇನ್ನೂರು ದಾಟಿದಾಗ ಮೈಕ್ ಅಂಗಡಿಯ ಮಾವ ಬಂದ. ಟೋಪಿ ಕೈಯಲ್ಲಿತ್ತು. ನೇರವಾಗಿ ತಗಾದೆಯ ಮುಂದೆ ನಿಂತ.

“ನಿನ್ನೆ ಅದನ್ನ ಹಾಕಿದ್ದು ನಾನಮ್ಮ. ಹೋದ ವರ್ಷ ಭಾನುವಾರದ ಯಾವುದೋ ನಾಟಕ ನಿಂತಾಗ ಅವನು ರೆಕಾರ್ಡ್ ಮಾಡಿದ್ದು. ರೈಲ್ವೆ ಕಚೇರಿ ಗುಮಾಸ್ತ ಹೆದರಿಸಿದ, ನಿಮ್ಮ ಹುಡುಗ ಆ ಹೆಂಗಸರ ಜೊತೆ ಸೇರಿದಾನೆ, ಇನ್ಮೇಲೆ ಕೂಗೋ ಕೆಲಸ ನಿಮಗಿಲ್ಲ ಅಂತ. ಅವನನ್ನ ಪಕ್ಕದೂರಿಗೆ ಕಳಿಸಿ, ಅವನ ಫೋನು ನನ್ನ ಹತ್ರಾನೇ ಇಟ್ಕೊಂಡೆ. ವಾಪಸ್ ಬಂದವನು ಒಂದು ಮಾತು ಬೈಲಿಲ್ಲ. ಅಂಗಡಿ ಬೀಗದ ಕೈ ನನ್ನ ಮುಂದೆ ಇಟ್ಟು ಹೋದ. ಗಾಡಿ ಕೊಡ್ತೀನಿ, ಮೈಕ್ ಕೊಡ್ತೀನಿ ಬಾರೋ ಅಂದ್ರೂ ಮುಟ್ಟಲಿಲ್ಲ.”

ಅವಳಿಗೆ ಬೈಯಲು ಬೇಕಾದಷ್ಟಿತ್ತು.

“ಮೇಲಿಂದ ಹನ್ನೊಂದನೇ ಮೆಟ್ಟಿಲು ಖಾಲಿ ಇದೆ. ಹೋಗಿ ನಿಲ್ಲಿ,” ಅಂದಳು.

ಮಾವ ಟೋಪಿ ಕಿಸೆಗೆ ತುರುಕಿ ಮೆಟ್ಟಿಲು ಹತ್ತಿದ.

ಹನ್ನೊಂದೂವರೆಗೆ ಅತ್ತಿಗೆ “ಐನೂರು” ಎಂದಳು. ಯಾರೂ ಕುಣಿಯಲಿಲ್ಲ. ನಿಂತಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಇಂಜಿನಿಯರು ಕುರ್ಚಿಯಿಂದ ಎದ್ದು ಕನ್ನಡಕ ಒರೆಸಿಕೊಂಡರು.

“ನಾಳೆ ಇಷ್ಟು ಹೊತ್ತಿಗೆ ಅಳತೆ ನೋಡ್ತೀನಿ. ಸೇತುವೆ ತಡ್ಕೊಂಡ್ರೆ ನಾಳೇನೇ ತೆರೀತೀನಿ.”

“ತಡ್ಕೊಳ್ಳುತ್ತೆ ಸಾರ್,” ಎಂದಳು ಅತ್ತಿಗೆ. “ನಾವು ತಡ್ಕೊಂಡಿಲ್ವಾ?”

ಮರುದಿನ ಅಳತೆ ಸರಿಬಂತು, ಚೀಲಗಳನ್ನು ಅಂಚಿಗೆ ಸರಿಸಿ ಮಧ್ಯಾಹ್ನ ಸೇತುವೆ ತೆರೆದರು. ಮೊದಲು ದಾಟಿದವಳು ಅತ್ತಿಗೆ. ಒಂದೊಂದೇ ಮೆಟ್ಟಿಲು ಹತ್ತಿದಳು, ಯಾರ ಕೈಯನ್ನೂ ಹಿಡಿಯಲಿಲ್ಲ. ಅವಳ ಹಿಂದೆ ಊಟದ ಬಿಡುವಿಗೆ ಬಂದಿದ್ದ ಮುನ್ನೂರು ಹೆಂಗಸರು ಅವಳ ವೇಗದಲ್ಲೇ ನಡೆದರು. ಅಂದು ಯಾರಿಗೂ ಗೇಟಿನ ಅವಸರವಿರಲಿಲ್ಲ.

ತಗಾದೆ ಮಾತ್ರ ಆ ಸಾಲಿನಲ್ಲಿ ಇರಲಿಲ್ಲ.

ನಿನ್ನೆಯಿಂದ ಅವಳು ಕಂಠನನ್ನು ಹುಡುಕುತ್ತಿದ್ದಳು. ಚೀಲ ಹೊತ್ತ ಗುಂಪಿನಲ್ಲಿ ಎಲ್ಲೋ ಇದ್ದನಂತೆ, ಕೆಲಸ ಮುಗಿದೊಡನೆ ಮಾಯವಾಗಿದ್ದ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಸಿಕ್ಕಿದ, ಕೊರಳಿಗೆ ಮಫ್ಲರ್ ಸುತ್ತಿಕೊಂಡು.

ಅವಳನ್ನು ಕಂಡು ಎದ್ದು ನಿಂತ. ಗಂಟಲು ತೋರಿಸಿ ಕೈಯಾಡಿಸಿದ. ಹದಿನೈದು ದಿನ ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿದ್ದ ಚೀಟಿ ಮುಂದೆ ಹಿಡಿದ.

ಅವಳು ಚೀಟಿ ಓದಿದಳು. ಮಡಿಸಿ ಅವನ ಅಂಗಿಯ ಕಿಸೆಗೆ ಇಟ್ಟಳು.

“ಒಳ್ಳೇದಾಯ್ತು. ನಾನು ಮಾತಾಡೋವಾಗ ನೀನು ಅಡ್ಡ ಬಾಯಿ ಹಾಕೋ ಹಾಗಿಲ್ಲ.”

ನೀವು ಹೋಗಿ ನೀನು ಬಂದದ್ದು ಅವನಿಗೆ ತಟ್ಟನೆ ಹೊಳೆಯಿತು. ಮುಖ ಕೆಂಪಾಯಿತು.

“ಶನಿವಾರ ನಿನ್ನನ್ನ ನಂಬಲಿಲ್ಲ. ನಮ್ಮತ್ತಿಗೆ ನಂಬಿದ್ರು, ನಾನು ನಂಬಲಿಲ್ಲ. ಊರಿನ ಅಂಗಿಗಳ ತಪ್ಪೆಲ್ಲ ಹುಡುಕ್ತೀನಿ, ನನ್ನ ತಪ್ಪು ಕಾಣಲಿಲ್ಲ. ಅದಕ್ಕೆ ನೀನು ಬೈಬೇಕು. ಈಗ ಬಾಯಿಲ್ಲ, ಹದಿನೈದು ದಿನ ಆದ್ಮೇಲೆ ಬೈ.”

ಅವನು ಇಲ್ಲವೆಂದು ತಲೆಯಾಡಿಸಿದ.

“ಇರು, ಇನ್ನೂ ಮುಗಿದಿಲ್ಲ.” ಅವಳು ಒಮ್ಮೆ ಉಸಿರೆಳೆದುಕೊಂಡಳು. ಐನೂರು ಚೀಲಕ್ಕಿಂತ ಇದು ಭಾರವಾಗಿತ್ತು. “ಸೇತುವೆ ಆಯ್ತು, ಇನ್ನು ನಿನ್ನ ಅಂಗಡಿಗೆ ಬರೋಕೆ ನನಗೆ ನೆಪ ಇಲ್ಲ. ನೆಪ ಇಲ್ಲದೆ ಬರ್ತೀನಿ. ನೀನು ಅಂಗಡಿ ಬಿಟ್ರೆ ನೀನು ಎಲ್ಲಿರ್ತೀಯೋ ಅಲ್ಲಿಗೆ ಬರ್ತೀನಿ. ನಂಗೆ ನೀನು ಬೇಕು. ನಿನ್ನ ಕಂಠ ವಾಪಸ್ ಬರದಿದ್ರೂ ಬೇಕು. ಯಾರು ಏನಂದ್ರೂ ಬೇಕು.”

ಬೆಂಚಿನ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ಕಿವಿ ನಿಮಿರಿಸಿ ಕೇಳುತ್ತಿದ್ದಳು. ಕೇಳಲಿ, ಅಂದುಕೊಂಡಳು ತಗಾದೆ.

ಕಂಠ ಅವಳ ಎರಡೂ ಕೈ ಹಿಡಿದುಕೊಂಡ. ಚೀಲದ ಗೋಣಿ ಉಜ್ಜಿ ಅಂಗೈಯೆಲ್ಲ ತರಚಿತ್ತು. ಅವನು ಬಾಗಿ ಅವಳ ಕಿವಿಯ ಹತ್ತಿರ, ಗಾಳಿಗಿಂತ ತೆಳುವಾದ ದನಿಯಲ್ಲಿ ಹೇಳಿದ.

“ಇನ್ನೊಂದ್ಸಲ ಹೇಳು.”

“ಮಾತಾಡ್ಬೇಡ ಅಂದಿದಾರಲ್ಲ. ಯಾಕೆ, ಕೇಳಿಸ್ಲಿಲ್ವಾ?”

“ಕೇಳಿಸ್ತು,” ಎಂದ. “ಅದಕ್ಕೇ...”